ಟೇಪ್‌ಗಳ ಕ್ಯಾಟಲಾಗ್ ಉಳಿಸಿಕೊಂಡದ್ದು ಹೀಗೆ: ನನ್ನ ಅನುಭವ

ಬ್ಯಾಕಪ್ ಟೇಪ್ ಚೆನ್ನಾಗಿದೆ, ಅದನ್ನು ಓದುವ ಡ್ರೈವ್ ಚೆನ್ನಾಗಿದೆ, ಡೇಟಾ ಒಳಗೇ ಇದೆ. ಯಾವ ಟೇಪ್‌ನಲ್ಲಿ ಏನಿದೆ ಅಂತ ಹೇಳುವ ಕ್ಯಾಟಲಾಗ್ ಮಾತ್ರ ಇಲ್ಲ. ಈ ಸ್ಥಿತಿಗೆ ಬಂದವರಿಗೆ ನಾನೇನೂ ವಿವರಿಸಬೇಕಿಲ್ಲ. ನಮ್ಮಲ್ಲಿ ಸುಮಾರು ಮುನ್ನೂರು ಟೇಪ್ ಇದ್ದವು, ಎಲ್‌ಟಿಒ (ಬ್ಯಾಕಪ್‌ಗೆ ಬಳಸುವ ಟೇಪ್‌ನ ಒಂದು ಮಾದರಿ) 4ನೇ ತಲೆಮಾರಿನಿಂದ 6ರವರೆಗೆ ಎಲ್ಲ ಕಲಸಿಕೊಂಡು. ಫೈಲ್‌ಗಳು ಅಂದಾಜು ನಾಲ್ಕು ಕೋಟಿ. ಕ್ಯಾಟಲಾಗ್ ಇದ್ದದ್ದು ಒಂದೇ ಸರ್ವರ್‌ನಲ್ಲಿ. ಅದೂ ಬ್ಯಾಕಪ್ ಸಾಫ್ಟ್‌ವೇರ್‌ಗೆ ಮಾತ್ರ ಅರ್ಥವಾಗುವ ಫಾರ್ಮ್ಯಾಟ್‌ನಲ್ಲಿ. ಆ ಸರ್ವರ್‌ನ ಡಿಸ್ಕ್‌ಗಳು ಕೈಕೊಟ್ಟವು. ಕ್ಯಾಟಲಾಗ್‌ನ ಬ್ಯಾಕಪ್ ಟೇಪ್‌ನಲ್ಲಿತ್ತು. ಯಾವ ಟೇಪ್ ಅಂತ ಬರೆದಿದ್ದದ್ದು ಕ್ಯಾಟಲಾಗ್‌ನಲ್ಲಿ!

ಸಾಫ್ಟ್‌ವೇರ್ ಮಾರಿದವರನ್ನು ಕೇಳಿದೆವು. ಲೈಸೆನ್ಸ್ ಮುಗಿದು ವರ್ಷಗಳಾಗಿದ್ದವು. ಮತ್ತೆ ಚಾಲೂ ಮಾಡಬೇಕಾದರೆ ನಡುವೆ ಬಿಟ್ಟ ವರ್ಷಗಳ ಹಣವನ್ನೂ ಕಟ್ಟಿ ಅಂದರು. ಆ ದುಡ್ಡಿಗೆ ಎರಡು ಸೆಕೆಂಡ್ ಹ್ಯಾಂಡ್ ಎಲ್‌ಟಿಒ-6 ಡ್ರೈವ್ ಬಂದು, ಮೇಲೆ ಒಂದು ಪೆಟ್ಟಿಗೆ ಹೊಸ ಟೇಪ್ ಕೂಡ ಬರುತ್ತಿತ್ತು. ಡೇಟಾ ರಿಕವರಿಯವರು ಟೇಪ್‌ಗೆ ಇಷ್ಟು ಅಂತ ದರ ಹೇಳಿದರು. ಮುನ್ನೂರರಿಂದ ಗುಣಿಸಿ ನೋಡಿದ ಮೇಲೆ ಯಾರೂ ಆ ಮಾತು ಎತ್ತಲಿಲ್ಲ. ಇನ್ನೊಬ್ಬರು ಹೊಸ ಎಲ್‌ಟಿಒ-8 ಡ್ರೈವ್ ತಗೊಳ್ಳಿ, ಬೇಗ ಓದುತ್ತದೆ ಅಂತ ಸಲಹೆ ಕೊಟ್ಟರು. ಓದುತ್ತದೆ ನಿಜ, ಆದರೆ 7 ಮತ್ತು 8 ಮಾತ್ರ. ನಮ್ಮ ಒಂದು ಟೇಪೂ ಅದರಲ್ಲಿ ಓಡುತ್ತಿರಲಿಲ್ಲ. 6ನೇ ತಲೆಮಾರಿನ ಡ್ರೈವ್ ತನ್ನ ಹಿಂದಿನ ಎರಡು ತಲೆಮಾರನ್ನೂ ಓದುತ್ತದೆ. ನಮಗೆ ಬೇಕಿದ್ದದ್ದು ಹಳೆಯದೇ. ಎರಡು ತಗೊಂಡೆವು.

ಪುಣ್ಯಕ್ಕೆ ಆ ಸಾಫ್ಟ್‌ವೇರ್ ಟೇಪ್ ಮೇಲೆ ಬರೆಯುತ್ತಿದ್ದದ್ದು ಟಾರ್‌ಗೆ (ಹಲವು ಫೈಲ್‌ಗಳನ್ನು ಒಂದಾಗಿ ಕಟ್ಟುವ, ಬಿಚ್ಚುವ ಹಳೆಯ ಪ್ರೋಗ್ರಾಂ) ಹತ್ತಿರದ ರೂಪದಲ್ಲಿ. ಹದಿನೈದಿಪ್ಪತ್ತು ಟೇಪ್‌ಗಳಲ್ಲಿ ಮಾತ್ರ ಮಲ್ಟಿಪ್ಲೆಕ್ಸ್ ಆನ್ ಇತ್ತು, ನಾಲ್ಕೈದು ಸರ್ವರ್‌ಗಳ ಡೇಟಾ ಒಂದರೊಳಗೊಂದು ಹೆಣೆದುಕೊಂಡಿತ್ತು. ಅದನ್ನು ಬಿಡಿಸಿದ್ದು ಹೇಗೆ ಅಂತ ಇಲ್ಲಿ ಬರೆಯುವುದಿಲ್ಲ. ಆ ಕೆಲಸದಿಂದ ಈಗ ಒಂದಿಷ್ಟು ಸಂಪಾದನೆಯೂ ಆಗುತ್ತಿದೆ, ಅಷ್ಟು ಹೇಳಿದರೆ ಸಾಕಲ್ವಾ?

ಮೊದಲು ಬ್ಲಾಕ್ ಸೈಜ್‌ನ, ಅಂದರೆ ಟೇಪ್ ಮೇಲೆ ಒಂದು ಸಲಕ್ಕೆ ಬರೆಯುವ ತುಂಡಿನ ಅಳತೆಯ ಗೋಳು. ಟೇಪ್ ಹಾಕಿ ಟಾರ್ ಓಡಿಸಿದರೆ 'ಮೆಮೊರಿ ಸಿಗಲಿಲ್ಲ' ಅನ್ನುವ ಎರರ್. ಮೆಷಿನ್‌ನಲ್ಲಿ ಬೇಕಾದಷ್ಟು ಮೆಮೊರಿ ಖಾಲಿ ಬಿದ್ದಿತ್ತು. ಟೇಪ್‌ನಲ್ಲಿರುವ ಬ್ಲಾಕ್ ನಾವು ಕೇಳಿದ್ದಕ್ಕಿಂತ ದೊಡ್ಡದಾದರೆ ಲಿನಕ್ಸ್ ಹೀಗೇ ಹೇಳುವುದು. ಡ್ರೈವನ್ನು ವೇರಿಯಬಲ್ ಮೋಡ್‌ಗೆ (ಬ್ಲಾಕ್ ಯಾವ ಸೈಜ್ ಇದ್ದರೂ ಒಪ್ಪುವ ಸ್ಥಿತಿ) ಹಾಕಿ, ಡಿಡಿ ಕಮಾಂಡ್‌ನಲ್ಲಿ ಒಂದು ಎಂಬಿ ಕೊಟ್ಟು ಒಂದೇ ಬ್ಲಾಕ್ ಓದಿಸಿ. ಎಷ್ಟು ಬೈಟ್ ಬಂತೋ ಅದೇ ಸೈಜ್. ನಮ್ಮಲ್ಲಿ ಬೇರೆ ಬೇರೆ ಕಾಲದ ಟೇಪ್‌ಗಳಿಗೆ ಬೇರೆ ಬೇರೆ ಸೈಜ್ ಇತ್ತು, 64 ಕೆಬಿ, 256 ಕೆಬಿ ಹೀಗೆ. ಈಗ ನಾನು ಬರೆಯುವ ಪ್ರತಿ ಟೇಪ್‌ನ ಮೊದಲ ಫೈಲ್ ಒಂದು ಪುಟದ ಸಾದಾ ಟೆಕ್ಸ್ಟ್. ಬ್ಲಾಕ್ ಸೈಜ್ ಎಷ್ಟು, ಯಾವ ಕಮಾಂಡ್‌ನಿಂದ ಓದಬೇಕು, ಕ್ಯಾಟಲಾಗ್ ಎಲ್ಲಿದೆ, ಅಷ್ಟೇ. ಬ್ಲಾಕ್ ಸೈಜನ್ನು ಟೇಪ್ ಡಬ್ಬಿಯ ಚೀಟಿಯ ಮೇಲೂ ಬರೆದಿಡುತ್ತೇನೆ.

ಹೆಸರುಗಳ ಪಟ್ಟಿ ತೆಗೆಯಲೂ ಟಾರ್ ಪೂರ್ತಿ ಟೇಪ್ ಓದಬೇಕು. ಎಲ್‌ಟಿಒ-6ರ 2.5 ಟಿಬಿ, ಸೆಕೆಂಡಿಗೆ 160 ಎಂಬಿ, ಅಂದರೆ ನಾಲ್ಕು ಗಂಟೆಗೂ ಜಾಸ್ತಿ. ಎಲ್‌ಟಿಒ-4 ಎರಡು ಗಂಟೆಯ ಒಳಗೆ ಮುಗಿಯುತ್ತದೆ. ಸರಾಸರಿ ಮೂರು ಅಂದರೂ ಒಂಬೈನೂರು ಗಂಟೆ. ಹೇಗೂ ಎಲ್ಲ ಡೇಟಾ ಓದಲೇಬೇಕು ಅಂದಮೇಲೆ ಬರೀ ಹೆಸರು ಬರೆದುಕೊಂಡು ಬಿಡುವುದು ಯಾಕೆ? ಅದೇ ಓಟದಲ್ಲಿ ಪ್ರತಿ ಫೈಲ್‌ನ ಎಸ್‌ಎಚ್‌ಎ-256 ಹ್ಯಾಶ್ (ಫೈಲ್ ಬದಲಾಗಿಲ್ಲ ಅಂತ ತಾಳೆ ನೋಡುವ ಗುರುತು) ಕೂಡ ಲೆಕ್ಕ ಹಾಕಿಸಿದೆ. ಮೊದಲು ಟಾರ್‌ನ ಟು-ಕಮಾಂಡ್ ಬಳಸಿದೆ. ಫೈಲ್‌ಗೊಂದು ಪ್ರೋಸೆಸ್ ಹುಟ್ಟಿಸುತ್ತದೆ ಅದು. ಸಣ್ಣ ಫೈಲ್‌ಗಳು ಬಂದ ಕೂಡಲೇ ಆ ವೇಗ ಸಾಲದೆ ಡ್ರೈವ್ ಟೇಪನ್ನು ಹಿಂದೆ ಮುಂದೆ ಎಳೆದಾಡಲು ಶುರು ಮಾಡಿತು. ಆ ಸದ್ದು ಕೇಳಿದರೆ ಹೆಡ್ ಸವೆಯುವ ದುಡ್ಡು ಕಣ್ಣಮುಂದೆ ಬರುತ್ತದೆ. ಕೊನೆಗೆ ಪೈಥಾನ್ ಭಾಷೆಯ ಟಾರ್‌ಫೈಲ್ ಲೈಬ್ರರಿಯನ್ನು ಸ್ಟ್ರೀಮ್ ಮೋಡ್‌ನಲ್ಲಿ ಇಟ್ಟು, ಅದರ ಮುಂದೆ ಎಂಬಫರ್‌ಗೆ (ಬಂದ ಡೇಟಾವನ್ನು ಮೆಮೊರಿಯಲ್ಲಿ ಹಿಡಿದಿಡುವ ಪ್ರೋಗ್ರಾಂ) ನಾಲ್ಕೈದು ಜಿಬಿ ಕೊಟ್ಟೆ. ಡ್ರೈವ್ ನಿಲ್ಲದೆ ಓಡಿತು. ಎರಡು ಡ್ರೈವ್‌ಗೆ ಹಂಚಿದರೆ ಕಾಗದದ ಮೇಲೆ ಮೂರು ವಾರದ ಕೆಲಸ. ನಿಜದಲ್ಲಿ ಮೂರ್ನಾಲ್ಕು ತಿಂಗಳು ಹಿಡಿಯಿತು. ರಾತ್ರಿ ಟೇಪ್ ಬದಲಾಯಿಸಲು ರೋಬೋಟ್ ಇರಲಿಲ್ಲ ನೋಡಿ. ಎಂಟು ಹತ್ತು ಟೇಪ್ ಒಂದು ಡ್ರೈವ್‌ನಲ್ಲಿ ಎರರ್ ಕೊಟ್ಟು ಇನ್ನೊಂದರಲ್ಲಿ ಸಲೀಸಾಗಿ ಓದಿದವು. ಹಾಗಾಗಿ ಎರಡನೇ ಡ್ರೈವ್ ದಂಡ ಅಂದವರಿಗೆ ಆಮೇಲೆ ಬಾಯಿ ಇರಲಿಲ್ಲ.

ಪಟ್ಟಿಯನ್ನು ಸ್ಪ್ರೆಡ್‌ಶೀಟ್‌ನಲ್ಲಿ ಕೊಡಿ ಅಂತ ಮೇಲಿನವರು ಕೇಳಿದರು. ಎಕ್ಸೆಲ್ ಹಾಳೆಯಲ್ಲಿ ಹಿಡಿಯುವುದೇ 10,48,576 ಸಾಲು. ನಮ್ಮದು ನಾಲ್ಕು ಕೋಟಿ. ಎಸ್‌ಕ್ಯೂಲೈಟ್ ಡೇಟಾಬೇಸ್‌ನಲ್ಲಿ ಹಾಕಿದೆ. ಅದರ ಜೊತೆಗೆ ಅದೇ ಪಟ್ಟಿ ಸಾದಾ ಟೆಕ್ಸ್ಟ್‌ನಲ್ಲೂ, ಯಾಕೆಂದರೆ ಟೆಕ್ಸ್ಟ್‌ನಲ್ಲಿ ಹುಡುಕುವ ಗ್ರೆಪ್ ಕಮಾಂಡ್ ಇಲ್ಲದ ಕಾಲ ಬರುವುದು ಕಷ್ಟ. ತಲೆನೋವು ಕೊಟ್ಟದ್ದು ಹೆಸರುಗಳು. ಹಳೆಯವು ಈಗ ಎಲ್ಲೆಡೆ ಬಳಸುವ ಅಕ್ಷರ ಸಂಕೇತವಾದ ಯುಟಿಎಫ್-8 ಅಲ್ಲ. ಕೆಲವು ಹೆಸರುಗಳ ಒಳಗೇ ಹೊಸ ಸಾಲಿನ ಚಿಹ್ನೆ ಕೂತಿತ್ತು, ಒಂದು ಫೈಲ್ ಪಟ್ಟಿಯಲ್ಲಿ ಎರಡು ಸಾಲಾಗಿ ಬೀಳುತ್ತಿತ್ತು. ಹೆಸರನ್ನು ತಿದ್ದಲು ಹೋಗಬೇಡಿ. ಟೇಪ್‌ನಲ್ಲಿರುವ ಬೈಟ್‌ಗಳನ್ನು ಪರ್ಸೆಂಟ್ ಎನ್‌ಕೋಡ್ ಮಾಡಿ (ವಿಚಿತ್ರ ಬೈಟ್‌ಗಳನ್ನು % ಚಿಹ್ನೆ ಮತ್ತು ಅದರ ಸಂಖ್ಯೆಯಾಗಿ ಬರೆದು) ಹಾಗೇ ಇಡಿ, ಓದಲು ಬರುವ ರೂಪಕ್ಕೆ ಬೇರೆ ಕಾಲಂ ಮಾಡಿ. ಇನ್ನೆರಡು ಕಾಲಂ ಬಿಡಲೇಬಾರದು: ಟೇಪ್‌ನ ಎಷ್ಟನೇ ಫೈಲ್‌ಮಾರ್ಕ್ (ಟೇಪ್ ಮೇಲೆ ಒಂದು ಫೈಲ್ ಮುಗಿದ ಗುರುತು), ಎಷ್ಟನೇ ಬ್ಲಾಕ್. ಅವೆರಡಿದ್ದರೆ ಟೇಪನ್ನು ಓಡಿಸುವ ಎಂಟಿ ಕಮಾಂಡ್‌ನ ಸೀಕ್‌ನಿಂದ ನೇರ ಅಲ್ಲಿಗೆ ಹೋಗಬಹುದು. ನಡುವಿನಿಂದ ಓದಲು ಶುರು ಮಾಡಿದರೆ ಟಾರ್ ಸ್ವಲ್ಪ ಗೊಣಗುತ್ತದೆ, ಮುಂದಿನ ಹೆಡರ್‌ಗೆ ಹಾರಿ ತಾನೇ ಸರಿಯಾಗುತ್ತದೆ.

ಈಗ ಎಲ್ಲರೂ ನಕ್ಕ ಭಾಗ. ಹೊಸ ಟೇಪ್ ತುಂಬಿದಾಗಲೆಲ್ಲ ಅದರ ಕೊನೆಗೆ ಅಲ್ಲಿಯವರೆಗಿನ ಎಲ್ಲ ಟೇಪ್‌ಗಳ ಪೂರ್ತಿ ಕ್ಯಾಟಲಾಗ್ ಬರೆಯುತ್ತೇನೆ ಅಂದೆ. ಆ ಟೇಪ್‌ನದ್ದು ಮಾತ್ರ ಅಲ್ಲ, ಎಲ್ಲದರದ್ದೂ. ಜಾಗ ದಂಡ, ಸಮಯ ದಂಡ, ಡೇಟಾಬೇಸ್ ಇರುವಾಗ ಇದೇನು ಹುಚ್ಚು ಅಂದರು. ಲೆಕ್ಕ ನೋಡಿ. ನಾಲ್ಕು ಕೋಟಿ ಹ್ಯಾಶ್, ಒಂದೊಂದು 32 ಬೈಟ್, ಅದೇ 1.3 ಜಿಬಿ ಹತ್ತಿರ. ಅದನ್ನು ಯಾವ ಕಂಪ್ರೆಷನ್ನೂ ಕುಗ್ಗಿಸುವುದಿಲ್ಲ. ಹೆಸರುಗಳು ಮಾತ್ರ ಚೆನ್ನಾಗಿ ಕುಗ್ಗುತ್ತವೆ, ಒಂದು ನಿರ್ದಿಷ್ಟ ರೀತಿಯಲ್ಲಿ ಜೋಡಿಸಿ ಕೊಟ್ಟರೆ ಇನ್ನೂ ಜಾಸ್ತಿ. ಆ ಜೋಡಣೆ ನೀವೇ ಹುಡುಕಿಕೊಳ್ಳಿ. ಎಲ್ಲ ಸೇರಿ ಎರಡು ಜಿಬಿ ಆಸುಪಾಸು. 2.5 ಟಿಬಿ ಟೇಪ್‌ನಲ್ಲಿ ಸಾವಿರಕ್ಕೆ ಒಂದು ಪಾಲೂ ಆಗುವುದಿಲ್ಲ. ಬರೆಯಲು ಹದಿಮೂರು ಹದಿನಾಲ್ಕು ಸೆಕೆಂಡ್. ಮುಂದೆ ಫೈಲ್ ಹೆಚ್ಚುತ್ತವೆ ಅಂತ ಟೇಪ್ ತುದಿಯಲ್ಲಿ ಶೇಕಡ ಎರಡರಷ್ಟು ಜಾಗ ಬಿಟ್ಟೇ ಬರೆಯುತ್ತೇನೆ.

ಜಾಸ್ತಿ ನಕ್ಕಿದ್ದ ಸಹೋದ್ಯೋಗಿಯೇ ಪರೀಕ್ಷೆ ಇಟ್ಟರು. ನಮ್ಮ ನೆಟ್‌ವರ್ಕ್‌ಗೆ ಸೇರದ, ಈಗಷ್ಟೇ ಲಿನಕ್ಸ್ ಹಾಕಿದ ಮೆಷಿನ್. ಹೊಸ ಟೇಪ್‌ಗಳ ಗುಡ್ಡೆಯಿಂದ ಅವರೇ ಎತ್ತಿದ ಒಂದು ಟೇಪ್. ಬೇಕಾದ ಫೈಲ್ ಯಾವುದೋ ಹಳೆಯ ಎಲ್‌ಟಿಒ-4ರಲ್ಲಿ. ಎಂಟಿ ಇಒಎಂ (ಬರೆದದ್ದರ ಕೊನೆಗೆ ಹೋಗು), ಆಮೇಲೆ ಬಿಎಸ್‌ಎಫ್‌ಎಂ 2 (ಎರಡು ಫೈಲ್‌ಮಾರ್ಕ್ ಹಿಂದಕ್ಕೆ ಬಾ), ಅಷ್ಟಕ್ಕೆ ಕೊನೆಯ ಫೈಲ್‌ನ ತಲೆಗೆ ಬಂದು ನಿಂತೆ. ಕ್ಯಾಟಲಾಗ್ ಬಿಚ್ಚಿ, ಹುಡುಕಿ, ಲೇಬಲ್ ಹೇಳಿದೆ. ಆ ಟೇಪ್ ತಂದು ಹಾಕಿ, ಸೀಕ್ ಮಾಡಿ, ಫೈಲ್ ತೆಗೆದು, ಹ್ಯಾಶ್ ತಾಳೆ ನೋಡುವ ಹೊತ್ತಿಗೆ ಅರ್ಧ ಗಂಟೆಯೂ ಆಗಿರಲಿಲ್ಲ. ಟೇಪ್ ತರಲು ಹೋದ ಸಮಯವೇ ಅದರಲ್ಲಿ ಜಾಸ್ತಿ. ಈಗ ಅವರ ವಿಭಾಗದಲ್ಲೂ ಹೀಗೇ ಬರೆಯುತ್ತಾರೆ. ಯಾರ ಐಡಿಯಾ ಅಂತ ಮಾತ್ರ ಹೇಳುವುದಿಲ್ಲ.

ನಡುವೆ ಕೆಲವು ಆಟಗಳನ್ನೂ ಆಡಿದೆ. ಕ್ಯಾಟಲಾಗನ್ನು ಕ್ಯೂಆರ್ ಕೋಡ್ ಮಾಡಿ ಕಾಗದದ ಮೇಲೆ ಮುದ್ರಿಸೋಣ ಅನ್ನಿಸಿತು. ಅತಿ ದೊಡ್ಡ ಕ್ಯೂಆರ್‌ನಲ್ಲಿ ಹಿಡಿಯುವುದು 2,953 ಬೈಟ್. ಎರಡು ಜಿಬಿಗೆ ಏಳು ಲಕ್ಷದ ಹತ್ತಿರ ಚೌಕ ಬೇಕು! ಟೇಪ್ ಲೇಬಲ್, ತಾರೀಕು, ಮೇಲಿನ ಹಂತದ ಫೋಲ್ಡರ್, ಇಷ್ಟು ಮಾತ್ರ ಮುದ್ರಿಸಿದೆ. ಹತ್ತು ಹನ್ನೆರಡು ಚೌಕದಲ್ಲಿ ಮುಗಿಯಿತು, ಫೈಲ್‌ನಲ್ಲಿ ಇಟ್ಟಿದ್ದೇನೆ. ಕಾರ್ಟ್ರಿಡ್ಜ್‌ನೊಳಗಿನ ಚಿಪ್‌ನಲ್ಲಿ ಲೇಬಲ್‌ಗೆ ಅಂತಲೇ 160 ಬೈಟ್ ಇದೆ. ಅಲ್ಲಿ ಕನ್ನಡದಲ್ಲಿ ಬರೆದು ನೋಡಿದೆ. ಒಂದೊಂದು ಚಿಹ್ನೆಗೆ ಮೂರು ಬೈಟ್ ಹೋಗುತ್ತದೆ, ಒಂದು ಸಾಲು ತುಂಬುವಷ್ಟರಲ್ಲಿ ಜಾಗ ಖಾಲಿ. ಬಾರ್‌ಕೋಡ್ ಚೀಟಿ ಉದುರಿದಾಗ ಮಾತ್ರ ಇದು ಉಪಯೋಗಕ್ಕೆ ಬಂತು. ಟೇಪನ್ನು ಡಿಸ್ಕ್‌ನ ಹಾಗೆ ತೋರಿಸುವ ಎಲ್‌ಟಿಎಫ್‌ಎಸ್ ಕೂಡ ಪ್ರಯತ್ನಿಸಿದೆ. ಟೇಪ್‌ನ ಒಂದು ಪಾರ್ಟಿಷನ್‌ನಲ್ಲಿ ಎಕ್ಸ್‌ಎಂಎಲ್ ಇಂಡೆಕ್ಸ್ ಇಡುತ್ತದೆ, ದೊಡ್ಡ ವಿಡಿಯೋ ಫೈಲ್‌ಗಳಿಗೆ ಚೆನ್ನಾಗಿದೆ. ಲಕ್ಷಾಂತರ ಸಣ್ಣ ಫೈಲ್ ಇದ್ದರೆ ಮೌಂಟ್ ಆಗುವಷ್ಟರಲ್ಲಿ ಸಾಕುಸಾಕು. ಅದೂ ಅಲ್ಲದೆ ಪಕ್ಕದ ಟೇಪ್‌ನಲ್ಲಿ ಏನಿದೆ ಅಂತ ಅದಕ್ಕೆ ಗೊತ್ತಿರುವುದಿಲ್ಲ. ಪಾರ್ಟಿಷನ್ ಬಂದದ್ದೇ ಎಲ್‌ಟಿಒ-5ರಿಂದ, ಹಾಗಾಗಿ ಹಳೆ ಟೇಪ್‌ಗಳಿಗೆ ಅದು ಸಾಧ್ಯವೂ ಇಲ್ಲ.

ಬ್ಯಾಕುಲಾ ಅನ್ನುವ ಬ್ಯಾಕಪ್ ಸಾಫ್ಟ್‌ವೇರ್ ಬಳಸುವವರು ಫೈಲ್ ರಿಟೆನ್ಷನ್ (ಫೈಲ್ ಹೆಸರು ಕ್ಯಾಟಲಾಗ್‌ನಲ್ಲಿ ಉಳಿಯುವ ಅವಧಿ) ಒಮ್ಮೆ ನೋಡಿಕೊಳ್ಳಿ. ಡಿಫಾಲ್ಟ್ 60 ದಿನ. ಟೇಪ್‌ನಲ್ಲಿ ಡೇಟಾ ಇರುತ್ತದೆ, ಕ್ಯಾಟಲಾಗ್‌ನಿಂದ ಫೈಲ್ ಹೆಸರು ಹೋಗಿರುತ್ತದೆ. ಅದರ ಬಿಸ್ಕ್ಯಾನ್ ಕಮಾಂಡ್‌ನಿಂದ ಟೇಪ್ ಓದಿಸಿ ವಾಪಸ್ ತರಬಹುದು, ಆದರೆ ಮತ್ತೆ ಅದೇ ಗಂಟೆಗಳ ಲೆಕ್ಕ. ಎನ್‌ಕ್ರಿಪ್ಷನ್ ಇಟ್ಟವರು ಯಾವ ಟೇಪ್‌ಗೆ ಯಾವ ಕೀ ಅನ್ನುವ ಗುರುತನ್ನೂ ಕ್ಯಾಟಲಾಗ್‌ನಲ್ಲಿ ಸೇರಿಸಿ. ಕೀ ಬೇರೆ ಕಡೆ ಇರಲಿ, ಕ್ಯಾಟಲಾಗ್ ಬರೆದ ಕೊನೆಯ ಫೈಲ್‌ಗೆ ಎನ್‌ಕ್ರಿಪ್ಷನ್ ಹಾಕುವುದಾದರೆ ಅದರ ಕೀ ಇನ್ನೂ ಬೇರೆ ಕಡೆ ಇರಲಿ.

ಸದ್ಯ ಎಲ್‌ಟಿಒ-4 ಟೇಪ್‌ಗಳನ್ನು ಒಂದೊಂದಾಗಿ ಎಲ್‌ಟಿಒ-6ಕ್ಕೆ ಇಳಿಸುತ್ತಿದ್ದೇನೆ. ಹಳೆ ಲೇಬಲ್‌ಗಳ ಸಾಲನ್ನು ಅಳಿಸಿಲ್ಲ. 'ಈಗ ಎಲ್ಲಿದೆ' ಅಂತ ಇನ್ನೊಂದು ಕಾಲಂ ಸೇರಿಸಿದ್ದೇನೆ. ಅರ್ಧಕ್ಕಿಂತ ಜಾಸ್ತಿ ಮುಗಿದಿದೆ.