ಸಾಲಿಡ್‌ಸ್ಟೇಟ್ ಬಾಸ್ ಆಂಪ್ಲಿಫೈಯರಿನಲ್ಲಿ ಬೇಡದ ಸದ್ದಿನ ಮೂಲವನ್ನು ಹುಡುಕುವುದು

ಸಾಲಿಡ್‌ಸ್ಟೇಟ್, ಅಂದರೆ ವ್ಯಾಲ್ವ್‌ಗಳ ಬದಲು ಟ್ರಾನ್ಸಿಸ್ಟರ್‌ಗಳಿಂದ ನಡೆಯುವ, ಬಾಸ್ ಗಿಟಾರಿನ ಆಂಪ್ ಗುಂಯ್‌ಗುಟ್ಟತೊಡಗಿದ ಕೂಡಲೇ ಅದನ್ನು ಬಿಚ್ಚಿ ನೋಡುವ ಆತುರ ಬೇಡ. ಯಾವ ನಾಬ್ ತಿರುಗಿಸಿದಾಗ ಸದ್ದು ಬದಲಾಗುತ್ತದೆ, ಯಾವುದಕ್ಕೆ ಅದು ಜಗ್ಗುವುದಿಲ್ಲ ಎಂಬುದನ್ನು ಗಮನಿಸಿದರೆ ದೋಷ ಯಾವ ಭಾಗದಲ್ಲಿದೆಯೆಂದು ಹೊರಗಿನಿಂದಲೇ ಬಹುಮಟ್ಟಿಗೆ ಗೊತ್ತಾಗುತ್ತದೆ.

ಮೊದಲು ಇನ್‌ಪುಟ್ ಜ್ಯಾಕಿನಿಂದ ಕೇಬಲನ್ನು ಕಳಚಿ. ಹೆಚ್ಚಿನ ಆಂಪ್‌ಗಳಲ್ಲಿ ಪ್ಲಗ್ ಇಲ್ಲದಿರುವಾಗ ಜ್ಯಾಕಿನೊಳಗಿನ ಸ್ವಿಚ್ಚು ಇನ್‌ಪುಟ್ಟನ್ನು ಗ್ರೌಂಡಿಗೆ ಸೇರಿಸುವುದರಿಂದ, ಆಗ ಸದ್ದು ನಿಂತರೆ ಹುಡುಕಬೇಕಾದದ್ದು ಗಿಟಾರ್, ಕೇಬಲ್ ಮತ್ತು ಸುತ್ತಲಿನ ವಿದ್ಯುತ್ ಉಪಕರಣಗಳನ್ನು. ಕೇಬಲನ್ನು ಮತ್ತೆ ಸಿಕ್ಕಿಸಿ, ಗಿಟಾರಿನಲ್ಲಿ ಸಿಂಗಲ್ ಕಾಯಿಲ್ ಪಿಕಪ್ (ತಂತಿಯ ಕಂಪನವನ್ನು ವಿದ್ಯುತ್ ಸಂಕೇತವಾಗಿಸುವ ಒಂಟಿ ಸುರುಳಿ) ಇದ್ದರೆ ಕುಳಿತ ದಿಕ್ಕನ್ನು ಸ್ವಲ್ಪ ತಿರುಗಿಸಿ ನೋಡಿ. ಸದ್ದು ಏರಿಳಿದರೆ ಅದು ದೀಪದ ಡಿಮ್ಮರ್, ಚಾರ್ಜರ್ ಅಥವಾ ಟ್ರಾನ್ಸ್‌ಫಾರ್ಮರಿನಿಂದ ಪಿಕಪ್ಪಿಗೆ ತಗಲುತ್ತಿರುವ ಸದ್ದು. ಗಿಟಾರಿನ ತಂತಿಯನ್ನು ಮುಟ್ಟಿದಾಗ ಗುಂಯ್‌ಗುಡುವಿಕೆ ಕಡಿಮೆಯಾಗುವುದು ಸಹಜ, ಹೆಚ್ಚಾದರೆ ಗ್ರೌಂಡ್ ತಂತಿ ಎಲ್ಲೋ ಬಿಟ್ಟಿದೆ ಎಂದು ಸಂಶಯಿಸಬೇಕು.

ಕೇಬಲ್ ಕಳಚಿದರೂ ಸದ್ದು ಉಳಿದರೆ ಮಾಸ್ಟರ್ ವಾಲ್ಯೂಮನ್ನು ಸೊನ್ನೆಗೆ ಇಳಿಸಿ. ಆಗಲೂ ಅಷ್ಟೇ ಇದ್ದರೆ ದೋಷ ಪವರ್ ಆಂಪ್ (ಸ್ಪೀಕರನ್ನು ನಡೆಸುವ ಕೊನೆಯ ಭಾಗ) ಅಥವಾ ಪವರ್ ಸಪ್ಲೈಯಲ್ಲಿದೆ; ಇಳಿದರೆ ಅದಕ್ಕೂ ಮೊದಲಿನ ಹಂತವಾದ ಪ್ರಿಆಂಪಿನಲ್ಲಿದೆ. ಸುಯ್ ಎನ್ನುವ ಸದ್ದು ಮಾತ್ರ ಕೇಳುತ್ತಿದ್ದರೆ ಗಾಬರಿಗೆ ಕಾರಣವಿಲ್ಲ, ಏಕೆಂದರೆ ಗೇನ್ (ಸಂಕೇತವನ್ನು ವರ್ಧಿಸುವ ಪ್ರಮಾಣ) ಹೆಚ್ಚಿಸಿದಾಗ ಮೊದಲ ಹಂತದ ವರ್ಧಕ ಚಿಪ್ ಆದ ಆಪ್‌ಆಂಪ್ ಅಷ್ಟು ಸದ್ದು ಮಾಡಿಯೇ ಮಾಡುತ್ತದೆ ಮತ್ತು ಕ್ಯಾಬಿನೆಟ್ಟಿನ ಟ್ವೀಟರ್, ಅಂದರೆ ಎತ್ತರದ ಸ್ವರಗಳ ಚಿಕ್ಕ ಸ್ಪೀಕರ್, ಅದನ್ನು ಎತ್ತಿ ತೋರಿಸುತ್ತದೆ. ಟ್ವೀಟರಿನ ಮಟ್ಟವನ್ನು ತಗ್ಗಿಸಿದರೆ ಬಹುಪಾಲು ಅಡಗುತ್ತದೆ.

ಗುಂಯ್‌ಗುಡುವ ಸದ್ದಿನ ಸ್ವರವೂ ಸುಳಿವು ಕೊಡುತ್ತದೆ. 50 ಹರ್ಟ್ಜ್ ವಿದ್ಯುತ್ತಿರುವಲ್ಲಿ, ನೇರವಾಗಿ ಹೊರಗಿನಿಂದ ನುಸುಳಿದ ಸದ್ದು ಬಾಸ್ ಗಿಟಾರಿನ ಇ ತಂತಿಯ ಮೂರನೆಯ ಫ್ರೆಟ್ಟಿನ ಜಿ ಸ್ವರಕ್ಕೆ, ಅಂದರೆ 49 ಹರ್ಟ್ಜ್‌ಗೆ, ಬಹಳ ಹತ್ತಿರ ಇರುತ್ತದೆ. ಎಸಿಯನ್ನು ಡಿಸಿಯಾಗಿಸುವ ರೆಕ್ಟಿಫೈಯರ್ ದಾಟಿ ಬಂದ ರಿಪಲ್ (ಪೂರ್ತಿ ಸಮವಾಗದೆ ಉಳಿದ ಏರಿಳಿತ) 100 ಹರ್ಟ್ಜ್ ಆಗಿರುವುದರಿಂದ ಅದು ತೆರೆದ ಜಿ ತಂತಿಯ 98 ಹರ್ಟ್ಜ್‌ಗೆ ಹೊಂದುತ್ತದೆ. ಆಂಪಿಗೆ ಜೋಡಿಸದೆ ಗಿಟಾರನ್ನು ಮೀಟಿ ಹೋಲಿಸಿ. ತೆರೆದ ಜಿ ತಂತಿಗೆ ಹೊಂದಿದರೆ ಹಳೆಯದಾಗಿ ಒಣಗಿದ ಫಿಲ್ಟರ್ ಕೆಪಾಸಿಟರ್‌ಗಳನ್ನು ಮೊದಲು ಅನುಮಾನಿಸಬೇಕು. ಕೆಳಗಿನ ಜಿ ಆದರೆ ಶೀಲ್ಡಿಂಗ್ (ಹೊರಗಿನ ಸದ್ದು ನುಸುಳದಂತೆ ತಡೆಯುವ ಲೋಹದ ಹೊದಿಕೆ) ಅಥವಾ ಗ್ರೌಂಡ್ ಲೂಪನ್ನು (ಉಪಕರಣಗಳ ಗ್ರೌಂಡ್ ಒಂದಕ್ಕಿಂತ ಹೆಚ್ಚು ದಾರಿಯಲ್ಲಿ ಸೇರಿ ಆಗುವ ಸುತ್ತು). 60 ಹರ್ಟ್ಜ್ ವಿದ್ಯುತ್ತಿರುವಲ್ಲಿ ಇವೆರಡೂ ಎ ಶಾರ್ಪ್ ಮತ್ತು ಬಿ ಸ್ವರಗಳ ನಡುವೆ ಕೇಳುತ್ತವೆ. ಆಂಪಿನ ಡಿಐ ಔಟ್‌ಪುಟ್ಟಿನ (ಸಂಕೇತವನ್ನು ನೇರವಾಗಿ ಮಿಕ್ಸರಿಗೆ ಕಳಿಸುವ ಜ್ಯಾಕ್) ಕೇಬಲನ್ನು ಮಿಕ್ಸರಿಗೆ ಜೋಡಿಸಿದಾಗ ಮಾತ್ರ ಸದ್ದು ಬಂದರೆ ಅದು ಗ್ರೌಂಡ್ ಲೂಪ್. ಡಿಐ ಗ್ರೌಂಡಿನ ಜೋಡಣೆಯನ್ನು ಬಿಡಿಸುವ ಗ್ರೌಂಡ್ ಲಿಫ್ಟ್ ಸ್ವಿಚ್ಚನ್ನು ಒತ್ತಿ. ಪವರ್ ಪ್ಲಗ್ಗಿನ ಅರ್ತ್ ಪಿನ್ನನ್ನು ಕಿತ್ತು ಸದ್ದು ನಿಲ್ಲಿಸುವುದು ಜೀವಕ್ಕೇ ಅಪಾಯ, ಅದನ್ನು ಎಂದೂ ಮಾಡಬಾರದು.

ಚರಚರ ಸದ್ದು, ಬಂದುಹೋಗುವ ಸದ್ದುಗಳಲ್ಲಿ ನಾನು ಮೊದಲು ಶಂಕಿಸುವುದು ಎಫೆಕ್ಟ್ಸ್ ಲೂಪನ್ನು, ಅಂದರೆ ಸಂಕೇತವನ್ನು ಹೊರಗಿನ ಎಫೆಕ್ಟ್ ಉಪಕರಣಕ್ಕೆ ಕಳಿಸುವ ಸೆಂಡ್ ಮತ್ತು ಮರಳಿ ಪಡೆಯುವ ರಿಟರ್ನ್ ಜ್ಯಾಕುಗಳನ್ನು. ಏನನ್ನೂ ಜೋಡಿಸದಿರುವಾಗ ಸಂಕೇತವು ರಿಟರ್ನ್ ಜ್ಯಾಕಿನ ಸಣ್ಣ ತಗಡಿನ ಮೂಲಕವೇ ಹಾದುಹೋಗುವ ಆಂಪ್‌ಗಳಲ್ಲಿ, ಆ ತಗಡಿಗೆ ಕಿಲುಬು ಹಿಡಿದರೆ ಧ್ವನಿ ಕುಗ್ಗುತ್ತದೆ, ಕರಕರ ಎನ್ನುತ್ತದೆ. ಸೆಂಡ್‌ನಿಂದ ರಿಟರ್ನ್‌ಗೆ ಒಂದು ಚಿಕ್ಕ ಕೇಬಲ್ ಹಾಕಿದಾಗ ಎಲ್ಲ ಸರಿಹೋದರೆ, ಕಾಂಟ್ಯಾಕ್ಟ್ ಕ್ಲೀನರ್ ಸಿಂಪಡಿಸಿ ಪ್ಲಗ್ಗನ್ನು ಹತ್ತಾರು ಬಾರಿ ಒಳಗೆ ಹೊರಗೆ ಆಡಿಸಿದರೆ ಸಾಕು. ನಾಬ್ ತಿರುಗಿಸುವಾಗ ಬರುವ ಸದ್ದಿಗೂ ಅದೇ ಮದ್ದು. ಸ್ವಚ್ಛಗೊಳಿಸಿದ ಮೇಲೂ ಉಳಿದರೆ ಹಂತಗಳ ನಡುವೆ ಡಿಸಿಯನ್ನು ತಡೆದು ಸಂಕೇತವನ್ನಷ್ಟೇ ಬಿಡಬೇಕಾದ ಕಪ್ಲಿಂಗ್ ಕೆಪಾಸಿಟರ್ ಡಿಸಿಯನ್ನು ಸೋರಿಸುತ್ತಿರಬಹುದು.

ಒಂದು ಸದ್ದಿಗೆ ಮಾತ್ರ ಕೂಡಲೇ ಸ್ವಿಚ್ ಆಫ್ ಮಾಡಬೇಕು: ಜೋರಾದ ಗುಂಯ್‌ಗುಡುವಿಕೆಯೊಂದಿಗೆ ಸ್ಪೀಕರಿನ ಕೋನ್ ಮುಂದಕ್ಕೋ ಹಿಂದಕ್ಕೋ ಸರಿದು ಅಲ್ಲಿಯೇ ನಿಂತಿದ್ದರೆ, ಔಟ್‌ಪುಟ್ ಟ್ರಾನ್ಸಿಸ್ಟರ್ ಶಾರ್ಟ್ ಆಗಿ ಡಿಸಿ ನೇರ ಸ್ಪೀಕರಿಗೆ ಹೋಗುತ್ತಿರಬಹುದು, ತಡಮಾಡಿದರೆ ಕೋನನ್ನು ಅಲುಗಿಸುವ ಸುರುಳಿ, ಅಂದರೆ ವಾಯ್ಸ್ ಕಾಯಿಲ್, ಸುಡುತ್ತದೆ. ಇಂಥ ದುರಸ್ತಿ, ಕೆಪಾಸಿಟರ್ ಬದಲಿಸುವಿಕೆ ಇವೆಲ್ಲ ಅನುಭವಿಗಳ ಕೆಲಸ. ಪ್ಲಗ್ ಕಿತ್ತ ಮೇಲೂ ದೊಡ್ಡ ಕೆಪಾಸಿಟರ್‌ಗಳಲ್ಲಿ ವಿದ್ಯುತ್ ಉಳಿದಿರುತ್ತದೆ.

ಯಾವ ನಾಬಿಗೂ ಸಂಬಂಧವಿಲ್ಲದೆ, ಒಂದೆರಡು ಸ್ವರಗಳಲ್ಲಷ್ಟೇ ಟರಟರ ಎನ್ನುವ ಸದ್ದಿಗೆ ಸರ್ಕ್ಯೂಟ್ ಹೊಣೆಯಲ್ಲ. ಆ ಸ್ವರವನ್ನು ಹಿಡಿದು ನುಡಿಸುತ್ತಿರುವಾಗ ಮತ್ತೊಬ್ಬರು ಜಾಲರಿ, ಹಿಡಿ, ಮೂಲೆಯ ತಗಡು, ಸ್ಪೀಕರಿನ ಸ್ಕ್ರೂಗಳನ್ನು ಒಂದೊಂದಾಗಿ ಅಂಗೈಯಿಂದ ಒತ್ತಿ ನೋಡಲಿ. ಅದಕ್ಕೂ ಮೊದಲು, ಆಂಪಿನ ಮೇಲಿಟ್ಟ ಟ್ಯೂನರನ್ನು ಕೆಳಗಿಳಿಸಿ.