ನೀರುಳ್ಳಿ ಸಿಪ್ಪೆಯ ಬಣ್ಣ, ಗೇರುಬೀಜದ ಸಿಹಿ: ಪುಟ್ಟ ಮಕ್ಕಳ ಜೊತೆ ಈಸ್ಟರ್

ಈಸ್ಟರ್ ಯಾವಾಗಲೂ ಭಾನುವಾರವೇ. ತಾರೀಕು ಮಾತ್ರ ಬದಲಾಗುತ್ತದೆ. 2026ರಲ್ಲಿ ಏಪ್ರಿಲ್ 5, 2027ರಲ್ಲಿ ಮಾರ್ಚ್ 28. ಕಾರವಾರದಿಂದ ಹೊನ್ನಾವರದವರೆಗೆ ಇದು ಗೇರುಹಣ್ಣಿನ ಕಾಲ. ಕುಮಟಾದ ಸಿಹಿ ನೀರುಳ್ಳಿ ಗೊಂಚಲುಗಳೂ ಹೆದ್ದಾರಿ ಬದಿಗೆ ಬರತೊಡಗುತ್ತವೆ. ಮಕ್ಕಳ ಹಬ್ಬಕ್ಕೆ ಬೇಕಾದ್ದೆಲ್ಲ ಮನೆಯಲ್ಲೇ ಇರುವಾಗ ಪೇಟೆಯ ಪ್ಲಾಸ್ಟಿಕ್ ಮೊಟ್ಟೆ ಏಕೆ ಬೇಕು?

ಹಬ್ಬದ ಹಿಂದಿನ ದಿನವಾದ ಪವಿತ್ರ ಶನಿವಾರ ಬೆಳಿಗ್ಗೆಯೇ ಕೆಲಸ ಶುರು ಮಾಡಿ. ರಾತ್ರಿ ಚರ್ಚಿನ ಜಾಗರಣೆ ಪೂಜೆಗೆ ಹೋಗುವ ಮನೆಗಳಲ್ಲಿ ಸಂಜೆ ಪುರುಸೊತ್ತು ಸಿಗುವುದಿಲ್ಲ.

ಎಲೆಯಚ್ಚಿನ ಮೊಟ್ಟೆ

ಒಂದೇ ಒಂದು ಚಟುವಟಿಕೆಗೆ ಸಮಯವಿದ್ದರೆ ಇದನ್ನೇ ಆರಿಸಿಕೊಳ್ಳಿ. ಬಿಳಿ ಚಿಪ್ಪಿನ ಮೊಟ್ಟೆ ತನ್ನಿ. ಊರಕೋಳಿಯ ಕಂದು ಚಿಪ್ಪಿನ ಮೇಲೆ ಅಚ್ಚು ಎದ್ದು ಕಾಣುವುದಿಲ್ಲ. ಎಂಟು-ಹತ್ತು ಕೆಂಪು ನೀರುಳ್ಳಿಯ ಒಣಸಿಪ್ಪೆ ಬೇಕು. ವಾರದ ಮೊದಲೇ ಒಂದು ಡಬ್ಬಿ ಇಟ್ಟು, ಸಿಪ್ಪೆ ಕೂಡಿಡುವ ಜವಾಬ್ದಾರಿಯನ್ನು ಮಗುವಿಗೇ ಕೊಡಿ.

ಸಿಪ್ಪೆಯನ್ನು ನಾಲ್ಕು ಲೋಟ ನೀರಿನಲ್ಲಿ ಅರ್ಧ ಗಂಟೆ ಕುದಿಸಿ, ಸೋಸಿ, ಆರಲು ಬಿಡಿ. ಎರಡು ಚಮಚ ವಿನೆಗರ್ ಸೇರಿಸಿ. ಚಿಪ್ಪು ಕ್ಯಾಲ್ಸಿಯಂ ಕಾರ್ಬೊನೇಟ್‌ನದ್ದು. ಹುಳಿ ತಾಗಿದಾಗ ಅದರ ಮೇಲ್ಮೈ ತುಸು ಕರಗಿ, ಬಣ್ಣ ಚೆನ್ನಾಗಿ ಹಿಡಿಯುತ್ತದೆ.

ಅಷ್ಟರಲ್ಲಿ ಮಕ್ಕಳನ್ನು ಹಿತ್ತಿಲಿಗೆ ಕಳಿಸಿ. ನುಗ್ಗೆ, ಕೊತ್ತಂಬರಿ, ಎಳೆ ಕರಿಬೇವು, ಯಾವುದಾದರೂ ಪುಟ್ಟ ಎಲೆ ಆಯ್ದು ತರಲಿ. ಹಸಿ ಮೊಟ್ಟೆಯನ್ನು ಒದ್ದೆ ಮಾಡಿ ಎಲೆಯನ್ನು ಅಂಟಿಸುವುದು ಮಗುವಿನ ಕೆಲಸ. ಹಳೆಯ ತೆಳು ಪಂಚೆಯ ತುಂಡಿನಲ್ಲಿ ಬಿಗಿಯಾಗಿ ಸುತ್ತಿ ದಾರ ಕಟ್ಟುವುದು ನಿಮ್ಮದು. ಗಂಟು ಸಡಿಲವಾದರೆ ಬಣ್ಣ ಎಲೆಯ ಕೆಳಗೆ ನುಗ್ಗಿ ಅಚ್ಚು ಕಲಸಿಹೋಗುತ್ತದೆ. ಗಂಟುಗಳನ್ನು ಬಣ್ಣದ ನೀರಿಗೆ ಹಾಕಿ, ಕುದಿ ಬಂದ ಮೇಲೆ ಸಣ್ಣ ಉರಿಯಲ್ಲಿ ಹನ್ನೆರಡು ನಿಮಿಷ ಬೇಯಿಸಿ, ಅರ್ಧ ಗಂಟೆ ಅದರಲ್ಲೇ ಬಿಡಿ.

ಗಂಟು ಬಿಚ್ಚುವುದನ್ನು ಮಕ್ಕಳಿಗೇ ಬಿಡಿ, ನೀವು ಮುಟ್ಟಬೇಡಿ. ಕೆಂಗಂದು ಚಿಪ್ಪಿನ ಮೇಲೆ ನುಗ್ಗೆಯ ಒಂದೊಂದು ಎಲೆಯೂ ಬಿಳಿಯಾಗಿ ಮೂಡಿರುತ್ತದೆ. ಆರಿದ ಮೇಲೆ ಒಂದು ತೊಟ್ಟು ತೆಂಗಿನೆಣ್ಣೆ ಸವರಿದರೆ ಹೊಳಪು ಬರುತ್ತದೆ. ನಂತರ ಫ್ರಿಜ್‌ನಲ್ಲಿಡಿ.

ತೀರಾ ಚಿಕ್ಕವರಿಗೆ ಇದಕ್ಕಿಂತ ಸುಲಭದ್ದು ಮೇಣದ ಆಟ. ಬೇಯಿಸಿ ಆರಿಸಿದ ಮೊಟ್ಟೆಯ ಮೇಲೆ ಬಿಳಿ ಮೇಣದಬತ್ತಿಯಿಂದ ಗೀಚಿಸಿ, ವಿನೆಗರ್ ಬೆರೆಸಿದ ಅರಿಶಿನದ ನೀರಿಗೆ ಹಾಕಿ. ಮೇಣ ತಾಗಿದಲ್ಲಿ ಬಣ್ಣ ಹಿಡಿಯುವುದಿಲ್ಲ.

ಕೆಲಸದ ನಡುವೆ ಕಥೆಯನ್ನೂ ಹೇಳಿ. ಹಿಂದೆ ಯುರೋಪಿನಲ್ಲಿ ತಪಸ್ಸು ಕಾಲದಲ್ಲಿ, ಅಂದರೆ ಈಸ್ಟರ್‌ಗೆ ಮುಂಚಿನ ಉಪವಾಸದ ವಾರಗಳಲ್ಲಿ, ಮೊಟ್ಟೆ ತಿನ್ನುತ್ತಿರಲಿಲ್ಲ. ಕೋಳಿಗಳಿಗೇನು ಉಪವಾಸ, ಅವು ಇಡುತ್ತಲೇ ಇದ್ದವು. ಹಾಗೆ ಕೂಡಿಬಿದ್ದ ಮೊಟ್ಟೆಗಳು ಹಬ್ಬದ ದಿನ ಹೊರಬಂದವು. ಮುಚ್ಚಿದ ಚಿಪ್ಪನ್ನು ಯೇಸುವಿನ ಸಮಾಧಿಗೂ, ಅದನ್ನೊಡೆದು ಬರುವ ಮರಿಯನ್ನು ಪುನರುತ್ಥಾನಕ್ಕೂ ಹೋಲಿಸುತ್ತಾರೆ. ನಾಲ್ಕು ವರ್ಷದ ಮಗುವಿಗೂ ಇದು ಅರ್ಥವಾಗುತ್ತದೆ.

ಗೇರುಬೀಜದ ಮೊಟ್ಟೆ

ಮೊಟ್ಟೆ ತಿನ್ನದ ಮನೆಯವರೂ ಇದನ್ನು ಮಾಡಬಹುದು. ಯುರೋಪಿನಲ್ಲಿ ಬಾದಾಮಿಯಿಂದ ಮಾಡುವ ಮಾರ್ಜಿಪಾನ್ ಎಂಬ ಸಿಹಿಗೆ ಪಕ್ಕದ ಗೋವಾದಲ್ಲಿ ಗೇರುಬೀಜ ಬಳಸುತ್ತಾರೆ. ಸುಲಭವಾಗಲೆಂದು ಇಲ್ಲಿ ಕಾಜು ಕತ್ಲಿಯ ಅಳತೆ ಕೊಟ್ಟಿದ್ದೇನೆ. ಅರ್ಧ ಕಪ್ ಸಕ್ಕರೆಗೆ ಕಾಲು ಕಪ್ ನೀರು ಹಾಕಿ ಒಂದೆಳೆ ಪಾಕ ಮಾಡಿ, ಒಂದು ಕಪ್ ಗೇರುಬೀಜದ ಪುಡಿ ಹಾಕಿ, ತಳ ಬಿಡುವವರೆಗೆ ಕಲಕಿ. ಪಾಕ ಕಾಯುವಾಗ ಮಕ್ಕಳು ಒಲೆಯಿಂದ ದೂರವಿರಲಿ. ಕೈ ತಾಳುವಷ್ಟು ಆರಿದಾಗ ತುಪ್ಪ ಸವರಿಕೊಂಡು ನಾದಿ ಮಕ್ಕಳ ಕೈಗೆ ಕೊಡಿ. ಮೊಟ್ಟೆ, ಮೊಲ, ಮೀನು, ಅವರಿಗೆ ತೋಚಿದ್ದನ್ನು ಮಾಡಲಿ. ಹಸಿ ಗೇರುಬೀಜವನ್ನು ಮಾತ್ರ ಮಕ್ಕಳು ಮುಟ್ಟಬಾರದು, ಸೊನೆ ಚರ್ಮ ಸುಡುತ್ತದೆ.

ಅಂಗಳದಲ್ಲಿ ಹುಡುಕಾಟ

ನಮ್ಮ ಸೆಖೆಗೆ ಬೇಯಿಸಿದ ಮೊಟ್ಟೆ ಹೊರಗೆ ಒಂದು ಗಂಟೆಗಿಂತ ಹೆಚ್ಚು ಹೊತ್ತು ಇರಬಾರದು. ಆದ್ದರಿಂದ ಬಚ್ಚಿಡಲು ಮಕ್ಕಳೇ ಬಣ್ಣ ಹಚ್ಚಿದ, ಬಾಯಿಗೆ ಹಿಡಿಯದಷ್ಟು ದೊಡ್ಡ ನುಣುಪು ಕಲ್ಲುಗಳು ಸಾಕು. ಹಾವು-ಚೇಳಿನ ಭಯವಿರುವ ದರಲೆ (ಒಣ ಎಲೆ) ರಾಶಿ, ಕಲ್ಲುಸಂದಿ ಬೇಡ. ಹೆಕ್ಕಿದ್ದನ್ನು ಇಡಲು ತೆಂಗಿನ ಗರಿಯ ಬುಟ್ಟಿ ಹೆಣೆದು ಕೊಡಿ. ಈಸ್ಟರ್‌ನ ಹಿಂದಿನ ಭಾನುವಾರವಾದ ಗರಿಗಳ ಭಾನುವಾರ ಚರ್ಚಿನಲ್ಲಿ ಆಶೀರ್ವದಿಸಿ ಕೊಟ್ಟ ಗರಿಯನ್ನು ಇದಕ್ಕೆ ಬಳಸಬೇಡಿ. ಅದು ದೇವರ ಪಟದ ಬಳಿಯೇ ಇರಲಿ.

ಕುಟ್ಟಾಟ

ಭಾನುವಾರ ಬೆಳಿಗ್ಗೆ ಫ್ರಿಜ್‌ನಿಂದ ಮೊಟ್ಟೆ ತೆಗೆದು ಇಬ್ಬಿಬ್ಬರನ್ನು ಎದುರುಬದುರು ಕೂರಿಸಿ. ಗ್ರೀಸ್ ದೇಶದಲ್ಲಿ ಕೆಂಪು ಮೊಟ್ಟೆಗಳಿಂದ ಈ ಆಟ ಆಡುತ್ತಾರೆ. ಒಬ್ಬರು ಮೊಟ್ಟೆ ಹಿಡಿದಿರಬೇಕು, ಇನ್ನೊಬ್ಬರು ತಮ್ಮ ಮೊಟ್ಟೆಯ ತುದಿಯಿಂದ ಕುಟ್ಟಬೇಕು. ಒಡೆಯದೆ ಉಳಿದದ್ದು ಗೆದ್ದಂತೆ. ಒಡೆದವನ್ನು ಆಗಲೇ ಸುಲಿದು ಉಪ್ಪು-ಮೆಣಸಿನಪುಡಿ ಹಾಕಿ ಕೊಡಿ, ಉಳಿದದ್ದು ಮಧ್ಯಾಹ್ನದ ಸಾರಿಗೆ. ಬಿರುಕಿನಿಂದ ಬಿಳಿ ಭಾಗಕ್ಕೆ ಬಣ್ಣ ಇಳಿದಿದ್ದರೂ ತಿನ್ನಬಹುದು, ಅದು ನೀರುಳ್ಳಿ, ಅರಿಶಿನದ್ದೇ ಬಣ್ಣ.