ಎನ್‌ಪಿಟೆಲ್ ಸರ್ಟಿಫಿಕೇಟು, ಡಿಜಿಟಲ್ ಬ್ಯಾಡ್ಜು: ಡಿಗ್ರಿ ಓದುವವರು ಹೇಗೆ ಆರಿಸಬೇಕು, ಹೇಗೆ ಉಳಿಸಿಕೊಳ್ಳಬೇಕು

ತುಮಕೂರು ಜಿಲ್ಲೆಯ ಒಂದು ಡಿಗ್ರಿ ಕಾಲೇಜಿನಲ್ಲಿ ಕಂಪ್ಯೂಟರ್ ಸೈನ್ಸ್ ಪಾಠ ಮಾಡುತ್ತೇನೆ. ಕೇಂದ್ರ ಸರ್ಕಾರದ ಆನ್‌ಲೈನ್ ಕೋರ್ಸುಗಳ ತಾಣ 'ಸ್ವಯಂ', ಅದರಲ್ಲಿ ಸಿಗುವ ಎನ್‌ಪಿಟೆಲ್ ಕೋರ್ಸುಗಳ ಉಸ್ತುವಾರಿಯೂ ನನ್ನದೇ. ಸೆಮಿಸ್ಟರ್ ಶುರುವಾದರೆ ಸಾಕು, ಮಕ್ಕಳು ಫೋನ್ ಹಿಡಿದುಕೊಂಡು ಬಂದು "ಮೇಡಂ, ಈ ಸರ್ಟಿಫಿಕೇಟ್ ನಡೆಯತ್ತಾ?" ಅಂತ ಕೇಳುತ್ತಾರೆ. ನಾನು ಕೇಳುವುದು ಒಂದೇ: ಇದನ್ನು ಪಡೆಯೋಕೆ ನೀನು ಏನು ಮಾಡಬೇಕಾಯ್ತು? ಅದಕ್ಕೆ ಉತ್ತರ ಆ ಸರ್ಟಿಫಿಕೇಟಿನಲ್ಲೇ ಇರಬೇಕು, ನಿಮ್ಮನ್ನು ಕಂಡೇ ಇರದವರೂ ಅದನ್ನು ತೆರೆದು ನೋಡುವಂತಿರಬೇಕು. ಅಂಥದ್ದು ನಡೆಯುತ್ತದೆ.

ಡಿಜಿಟಲ್ ಬ್ಯಾಡ್ಜ್ ಹುಟ್ಟಿದ್ದೇ ಇದಕ್ಕಾಗಿ. 2011ರಲ್ಲಿ ಮೊಜಿಲ್ಲಾ ಸಂಸ್ಥೆ 'ಓಪನ್ ಬ್ಯಾಡ್ಜಸ್' ಎಂಬ ಕೆಲಸ ಶುರು ಮಾಡಿತು. ಬ್ಯಾಡ್ಜಿನಲ್ಲಿ ಏನೇನಿರಬೇಕು ಎಂಬ ಆ ಮಾನದಂಡವನ್ನು ಈಗ ನೋಡಿಕೊಳ್ಳುವುದು 1ಎಡ್‌ಟೆಕ್ ಎಂಬ ಸಂಸ್ಥೆ. ನೋಡಲು ಬರೀ ಚಿತ್ರ. ಅದರ ಜೊತೆಗೆ ಕೊಟ್ಟವರು ಯಾರು, ಪಡೆದವರು ಯಾರು, ಯಾವತ್ತು, ಏನು ಮಾಡಿದ್ದಕ್ಕೆ ಎಂಬ ಮಾಹಿತಿ ಇರುತ್ತದೆ. ಐಬಿಎಂ, ಸಿಸ್ಕೊ ಕೊಡುವ ಬ್ಯಾಡ್ಜುಗಳು ಕ್ರೆಡ್ಲಿ ತಾಣದಲ್ಲಿ ಬರುತ್ತವಲ್ಲ, ಯಾವುದಾದರೂ ಒಂದನ್ನು ಒತ್ತಿ ನೋಡಿ. ಕೆಳಗೆ 'ಅರ್ನಿಂಗ್ ಕ್ರೈಟೀರಿಯಾ', ಅಂದರೆ ಅದನ್ನು ಪಡೆಯಲು ಏನು ಮಾಡಬೇಕು ಅಂತ ಒಂದು ಭಾಗ ಇರುತ್ತದೆ. ಕೋರ್ಸಿಗೆ ಸೇರುವ ಮೊದಲೇ ಅದನ್ನು ಓದಿ. ಪರೀಕ್ಷೆ ಪಾಸಾಗಬೇಕು, ಪ್ರಾಜೆಕ್ಟ್ ಸಲ್ಲಿಸಬೇಕು ಅಂತಿದ್ದರೆ ಸಮಯ ಕೊಡಿ. ವಿಡಿಯೊ ನೋಡಿದರೆ ಸಾಕು ಅಂತಿದ್ದರೆ ಕಲಿಯಲು ನೋಡಿ, ಬಯೋಡಾಟಾದಲ್ಲಿ ಹಾಕಬೇಡಿ. ಒಂದು ಗಂಟೆಯ ವೆಬಿನಾರಿಗೆ ಹೊಳೆಯುವ ಅಂಚಿನ ಸರ್ಟಿಫಿಕೇಟ್ ಕೊಟ್ಟು ದುಡ್ಡು ಕೇಳುವವರ ಹತ್ತಿರ ಹೋಗಲೇಬೇಡಿ. ಕೂಲಿ ಮಾಡಿ ಓದಿಸುವ ಅಪ್ಪ ಅಮ್ಮನ ದುಡ್ಡು ಅಂಥ ಕಡೆ ಹೋಗುವುದನ್ನು ಕಂಡರೆ ನನಗೆ ಸಂಕಟವಾಗುತ್ತದೆ.

ನಮ್ಮ ಮಕ್ಕಳಿಗೆ ನಾನು ಮೊದಲು ಹೇಳುವುದು ಎನ್‌ಪಿಟೆಲ್. ಐಐಟಿಗಳು ಮತ್ತು ಬೆಂಗಳೂರಿನ ಐಐಎಸ್ಸಿಯ ಪ್ರಾಧ್ಯಾಪಕರು ಪಾಠ ಮಾಡುತ್ತಾರೆ, ಸೇರಲು ಶುಲ್ಕ ಇಲ್ಲ. ಸರ್ಟಿಫಿಕೇಟ್ ಬೇಕಾದವರು ಮಾತ್ರ ಶುಲ್ಕ ಕಟ್ಟಿ, ಕೇಂದ್ರಕ್ಕೆ ಹೋಗಿ ಪರೀಕ್ಷೆ ಬರೆಯಬೇಕು. ಕೋರ್ಸಿಗೆ ಸೇರಿದ್ದು ಬೇರೆ, ಪರೀಕ್ಷೆಗೆ ರಿಜಿಸ್ಟರ್ ಆಗುವುದು ಬೇರೆ. ವಾರ ವಾರ ಅಸೈನ್‌ಮೆಂಟ್ ಮಾಡಿಯೂ ಪರೀಕ್ಷೆಯ ಅರ್ಜಿಯ ಕೊನೆಯ ದಿನ ಬಿಟ್ಟುಕೊಳ್ಳುವವರು ಪ್ರತಿ ಸಲ ಇರುತ್ತಾರೆ.

ಅಂಕದ ಲೆಕ್ಕ ಮೊದಲೇ ತಿಳಿದಿರಲಿ. ಹೆಚ್ಚಿನ ಕೋರ್ಸುಗಳಲ್ಲಿ ಅಸೈನ್‌ಮೆಂಟಿಗೆ 25, ಪರೀಕ್ಷೆಗೆ 75. ಅಸೈನ್‌ಮೆಂಟಿನಲ್ಲಿ ಕನಿಷ್ಠ 10, ಪರೀಕ್ಷೆಯಲ್ಲಿ ಕನಿಷ್ಠ 30, ಎರಡೂ ಬರಬೇಕು. ಪರೀಕ್ಷೆಯಲ್ಲಿ 60 ತೆಗೆದು ಅಸೈನ್‌ಮೆಂಟಿನಲ್ಲಿ 8 ಬಂದರೆ ಸರ್ಟಿಫಿಕೇಟ್ ಇಲ್ಲ. 12 ವಾರದ ಕೋರ್ಸಿನಲ್ಲಿ ಒಳ್ಳೆಯ 8 ಅಸೈನ್‌ಮೆಂಟುಗಳನ್ನಷ್ಟೇ ಲೆಕ್ಕಕ್ಕೆ ಹಿಡಿಯುತ್ತಾರೆ. ಹಾಗಾಗಿ ಹಬ್ಬಕ್ಕೆ ಊರಿಗೆ ಹೋಗಿ ಒಂದು ವಾರ ತಪ್ಪಿದರೆ ಗಾಬರಿಯಾಗಿ ಕೋರ್ಸೇ ಬಿಡಬೇಡಿ.

ಈ ಕೋರ್ಸು ನಿಮ್ಮ ಡಿಗ್ರಿಯ ಲೆಕ್ಕಕ್ಕೆ ಸೇರಬೇಕು, ಅಂದರೆ ಕ್ರೆಡಿಟ್ ಬೇಕಿದ್ದರೆ, ಸೇರುವ ಮೊದಲೇ ನಿಮ್ಮ ವಿಭಾಗದ ಮುಖ್ಯಸ್ಥರ (ಎಚ್‌ಒಡಿ) ಹತ್ತಿರ ಹೋಗಿ. ಒಂದು ಸೆಮಿಸ್ಟರಿನ ಒಟ್ಟು ಕೋರ್ಸುಗಳಲ್ಲಿ ಶೇ. 40ರವರೆಗೆ ಸ್ವಯಂ ಮೂಲಕ ಮಾಡಲು ಯುಜಿಸಿಯ 2021ರ ನಿಯಮ ಅವಕಾಶ ಕೊಡುತ್ತದೆ. ಆದರೆ ಯಾವ ಕೋರ್ಸು, ಯಾವ ವಿಷಯದ ಬದಲಿಗೆ ಎಂಬುದನ್ನು ಒಪ್ಪಬೇಕಾದ್ದು ನಿಮ್ಮ ವಿಶ್ವವಿದ್ಯಾಲಯ, ಕಾಲೇಜು. ಸಾಮಾನ್ಯವಾಗಿ 4 ವಾರಕ್ಕೆ 1, 8 ವಾರಕ್ಕೆ 2, 12 ವಾರಕ್ಕೆ 3 ಕ್ರೆಡಿಟ್. ಬಾಯಿಮಾತಿನ 'ಹೂಂ' ಸಾಲದು, ಒಪ್ಪಿಗೆಯನ್ನು ಬರಹದಲ್ಲಿ ತೆಗೆದುಕೊಳ್ಳಿ.

ಇನ್ನು ಹೆಸರು. ನನ್ನ ಮೇಜಿನ ಮುಂದೆ ಹೆಚ್ಚು ಹೊತ್ತು ಹೋಗುವುದು ಇದಕ್ಕೇ. ಕ್ರೆಡಿಟ್ ಜಮೆಯಾಗುವುದು ಅಕಾಡೆಮಿಕ್ ಬ್ಯಾಂಕ್ ಆಫ್ ಕ್ರೆಡಿಟ್ಸ್ ಖಾತೆಯಲ್ಲಿ. ಎಬಿಸಿ ಅಂತ ನಾವು ಕರೆಯುವ ಈ ಖಾತೆಯನ್ನು ದಾಖಲೆ ಇಟ್ಟುಕೊಳ್ಳುವ ಸರ್ಕಾರದ ಆ್ಯಪ್ ಡಿಜಿಲಾಕರ್ ಮೂಲಕ ತೆರೆಯಬೇಕು, ಡಿಜಿಲಾಕರ್ ನೋಡುವುದು ಆಧಾರ್ ಹೆಸರನ್ನು. ಈಗ ನಮ್ಮ ಕಡೆಯ ಹೆಸರುಗಳನ್ನು ನೋಡಿ. ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡಿನಲ್ಲಿ 'ಕಾವ್ಯ ಬಿ. ಎನ್.', ಆಧಾರಿನಲ್ಲಿ ಬರೀ 'ಕಾವ್ಯ', ಕಾಲೇಜಿನ ದಾಖಲೆಯಲ್ಲಿ 'ಬಿ. ಎನ್. ಕಾವ್ಯಾ'. ಇಂಗ್ಲಿಷಿನಲ್ಲಿ ಒಂದು ಕಡೆ ಕೊನೆಗೆ ಒಂದು 'ಎ', ಇನ್ನೊಂದು ಕಡೆ ಎರಡು. ಮನುಷ್ಯರಿಗೆ ಇವಳು ಒಬ್ಬಳೇ ಹುಡುಗಿ, ಕಂಪ್ಯೂಟರಿಗೆ ಮೂವರು. ಅದಕ್ಕೇ ಸೆಮಿಸ್ಟರಿನ ಮೊದಲ ವಾರ ನಾನು ಮೂರೂ ದಾಖಲೆಯ ಜೆರಾಕ್ಸ್ ತರಿಸಿ, ಒಂದರ ಪಕ್ಕ ಒಂದಿಟ್ಟು ಅಕ್ಷರ ಅಕ್ಷರ ನೋಡುತ್ತೇನೆ. ಹುಟ್ಟಿದ ತಾರೀಖನ್ನೂ ನೋಡಬೇಕು. ಹಳ್ಳಿಯ ಮಕ್ಕಳಲ್ಲಿ ಆಧಾರಿನ ತಾರೀಖು ಬೇರೆಯೇ ಇರುವುದುಂಟು. ವ್ಯತ್ಯಾಸ ಇದ್ದರೆ ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡನ್ನೇ ಆಧಾರವಾಗಿಟ್ಟುಕೊಂಡು ಆಧಾರ್ ತಿದ್ದಿಸಿ, ಆಮೇಲೆ ಎಬಿಸಿ ಖಾತೆ ತೆರೆಯಿರಿ. ಎನ್‌ಪಿಟೆಲ್ ಪರೀಕ್ಷೆಯ ಅರ್ಜಿಯಲ್ಲೂ ಅದೇ ಹೆಸರು ಅದೇ ರೀತಿ ಬರಲಿ. ಸರ್ಟಿಫಿಕೇಟಿನಲ್ಲಿ ಅಚ್ಚಾಗುವುದು ಅಲ್ಲಿ ಬರೆದದ್ದೇ.

ಖಾತೆ ತೆರೆದ ಮೇಲೆ 12 ಅಂಕಿಯ ಸಂಖ್ಯೆ ಸಿಗುತ್ತದೆ. ಅದನ್ನು ಕಾಲೇಜಿನ ಆಫೀಸಿಗೆ ಕೊಟ್ಟು, ಸರಿಯಾಗಿ ಬರೆದುಕೊಂಡರಾ ಅಂತ ನಿಂತು ನೋಡಿ. ಎಬಿಸಿಗೆ ಕ್ರೆಡಿಟ್ ಹಾಕುವುದು ಸಂಸ್ಥೆಗಳೇ, ನೀವಾಗಿ ಹಾಕಲು ಬರುವುದಿಲ್ಲ. ಫಲಿತಾಂಶ ಬಂದ ಮೇಲೂ ಖಾತೆಯಲ್ಲಿ ಕಾಣದಿದ್ದರೆ ಕಾಲೇಜಿನಲ್ಲಿ ಕೇಳಿ, ಕೇಳುತ್ತಲೇ ಇರಿ. ಕೇಳುವುದು ನಿಮ್ಮ ಹಕ್ಕು. ಹೀಗೆ ಜಮೆಯಾದ ಕ್ರೆಡಿಟ್ ಹೆಚ್ಚೆಂದರೆ 7 ವರ್ಷ ಬಳಕೆಗೆ ಬರುತ್ತದೆ. ಮದುವೆಯಾಗಿ ಅಥವಾ ಮನೆಯ ಕಷ್ಟಕ್ಕೆ ಓದು ನಿಲ್ಲಿಸಿದ ಹುಡುಗಿಯರು ಮತ್ತೆ ಬರಲು ಇದೊಂದು ನಿಜವಾದ ದಾರಿ ಅಂತ ನಾನು ನಂಬಿದ್ದೇನೆ.

ಬ್ಯಾಡ್ಜಿನ ವಿಷಯದಲ್ಲಿ ಇಮೇಲ್ ಜೋಪಾನ. ಬ್ಯಾಡ್ಜ್ ಬರುವುದು ಇಮೇಲ್ ವಿಳಾಸದ ಹೆಸರಿಗೆ. ಕಾಲೇಜು ಕೊಟ್ಟ ಇಮೇಲ್ ಕೋರ್ಸ್ ಮುಗಿದ ಮೇಲೆ ಮುಚ್ಚಿಹೋಗಬಹುದು. ಸ್ವಂತದ್ದನ್ನೇ ಕೊಡಿ, ಪಾಸ್‌ವರ್ಡ್ ಡೈರಿಯಲ್ಲಿ ಬರೆದಿಡಿ. ಸೈಬರ್ ಸೆಂಟರಿನವರು ಮಾಡಿಕೊಟ್ಟ ಇಮೇಲ್ ಬೇಡ. ಕಂಪನಿಗೆ ಕಳಿಸುವಾಗ ಸ್ಕ್ರೀನ್‌ಶಾಟ್ ಕಳಿಸಬೇಡಿ, ಅದರಲ್ಲಿ ಚಿತ್ರ ಬಿಟ್ಟು ಇನ್ನೇನೂ ಉಳಿಯುವುದಿಲ್ಲ. ಲಿಂಕ್ ಕಳಿಸಿ. ಎನ್‌ಪಿಟೆಲ್ ಸರ್ಟಿಫಿಕೇಟಾದರೆ ಕ್ಯೂಆರ್ ಕೋಡ್ ಕತ್ತರಿಸಿ ಹೋಗದಂತೆ ಪೂರ್ತಿ ಪಿಡಿಎಫ್ ಕಳಿಸಿ.

ಬಯೋಡಾಟಾದಲ್ಲಿ ಎರಡು ಮೂರು ಹಾಕಿದರೆ ಸಾಕು. ಪ್ರತಿಯೊಂದರ ಮುಂದೆ ಏನು ಮಾಡಿದಿರಿ ಅಂತ ಒಂದು ಸಾಲು ಬರೆಯಿರಿ: 'ಪೈಥಾನ್, 12 ವಾರ, ಕೇಂದ್ರದಲ್ಲಿ ಬರೆದ ಪರೀಕ್ಷೆ, 71 ಅಂಕ'. ಸಂದರ್ಶನದಲ್ಲಿ ಅದರಿಂದಲೇ ಪ್ರಶ್ನೆ ಬರುವುದು. ಹಿಂದಿನ ರಾತ್ರಿ ಆ ಕೋರ್ಸಿನ ಅಸೈನ್‌ಮೆಂಟುಗಳನ್ನು ತೆರೆದು, ಒಂದನ್ನಾದರೂ ಏನನ್ನೂ ನೋಡದೆ ಮತ್ತೆ ಬಿಡಿಸಿ ಹೋಗಿ.